ಮರಿ ಕುದುರೆಯ ಸೈನಸ್: ಸ್ಕ್ಯಾನ್ ನೋಡುವ ಮೊದಲು ವಯಸ್ಸು ಕೇಳಿ

ಎಲ್ಲರಿಗೂ ನಮಸ್ಕಾರ. ಸೈನಸ್ ಅಂದ ಕೂಡಲೇ ನಮಗೆ ನೆನಪಾಗುವುದು ನೆಗಡಿ, ತಲೆನೋವು. ಕುದುರೆಯ ವಿಷಯದಲ್ಲಿ ಮೊದಲು ನೆನಪಾಗಬೇಕಾದದ್ದು ಹಲ್ಲು. ಅದರಲ್ಲೂ ಐದಾರು ವರ್ಷದೊಳಗಿನ ಕುದುರೆಯಾದರೆ ಹಲ್ಲು ಬಿಟ್ಟು ಸೈನಸ್ ಬಗ್ಗೆ ಮಾತಾಡುವ ಹಾಗೇ ಇಲ್ಲ. ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

ರಚನೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಕುದುರೆಯ ತಲೆಬುರುಡೆಯಲ್ಲಿ ಒಂದೊಂದು ಪಕ್ಕಕ್ಕೆ 7 ಗಾಳಿಕೋಣೆಗಳಿವೆ, ಇವೇ ಸೈನಸ್‌ಗಳು. ಹಣೆಯಲ್ಲಿ ಒಂದು, ಮೇಲ್ದವಡೆಯ ಮೂಳೆಯಲ್ಲಿ ಮುಂದೊಂದು ಹಿಂದೊಂದು, ಮೂಗಿನೊಳಗಿನ ಸುರುಳಿ ಮೂಳೆಗಳಲ್ಲಿ ಮೇಲೊಂದು ಕೆಳಗೊಂದು, ಮಿಕ್ಕ ಎರಡು ಇನ್ನೂ ಹಿಂದೆ, ಆಳದಲ್ಲಿ. ಇವು ಒಂದಕ್ಕೊಂದು ಕೂಡಿಕೊಂಡು ಎರಡು ಗುಂಪಾಗಿವೆ. ಲೋಳೆ ಮೂಗಿಗೆ ಇಳಿಯುವುದು ಸೀಳಿನಂಥ ಕಿರಿದಾದ ದಾರಿಯಲ್ಲಿ. ಅದು ಮುಚ್ಚಿತೋ, ಒಳಗೆ ಕೀವು ನಿಲ್ಲುತ್ತದೆ. ಒಂದೇ ಹೊಳ್ಳೆಯಿಂದ ಕೀವು ಸೋರುತ್ತಿದೆ ಅಂದರೆ ಮೊದಲ ಅನುಮಾನ ಆ ಪಕ್ಕದ ಸೈನಸ್ ಮೇಲೆಯೇ. ಕುದುರೆಗೆ ಬಾಯಿಂದ ಉಸಿರಾಡಲು ಬರುವುದಿಲ್ಲ, ಮೂಗೊಂದೇ ಗತಿ. ಹಾಗಾಗಿ ಮೂಗಿನ ದಾರಿ ಇಕ್ಕಟ್ಟಾಗುವ ಯಾವ ಊತವನ್ನೂ ಸುಮ್ನೆ ಬಿಡುವಂತಿಲ್ಲ.

ಈಗ ಹಲ್ಲು. ಕುದುರೆಯ ದವಡೆ ಹಲ್ಲು ನಮ್ಮದರಂತೆ ಒಮ್ಮೆ ಬಂದು ನಿಲ್ಲುವುದಿಲ್ಲ. ಮೇಯ್ದು ಮೇಯ್ದು ವರ್ಷಕ್ಕೆ 2–3 ಮಿಲಿಮೀಟರ್ ಸವೆಯುತ್ತದೆ, ಹೆಚ್ಚುಕಡಿಮೆ ಅಷ್ಟೇ ಹೊರಗೂ ಬರುತ್ತದೆ. ಜೀವಮಾನಕ್ಕೆ ಬೇಕಾದಷ್ಟು ಹಲ್ಲು ಮೊದಲೇ ಮೂಳೆಯೊಳಗೆ ದಾಸ್ತಾನಿರುತ್ತದೆ. ಎಳೆ ಕುದುರೆಯ ಒಂದು ದವಡೆ ಹಲ್ಲು 7–8 ಸೆಂಟಿಮೀಟರ್ ಉದ್ದ ಇರಬಹುದು. ಬಾಯಲ್ಲಿ ಕಾಣುವುದು ತುದಿ ಮಾತ್ರ. ಮಿಕ್ಕದ್ದೆಲ್ಲಿ? ಮೇಲ್ದವಡೆಯ ಹಿಂದಿನ ನಾಲ್ಕು ಹಲ್ಲುಗಳ ಮಟ್ಟಿಗೆ ಉತ್ತರ: ಮುಂದೆ ಸೈನಸ್ ಆಗಬೇಕಾದ ಜಾಗದಲ್ಲಿ. ಹಲ್ಲು ಅಲ್ಲಿ ಬಾಡಿಗೆಗಿದ್ದು, ವರ್ಷ ವರ್ಷ ಒಂದಿಷ್ಟು ಜಾಗ ಖಾಲಿ ಮಾಡುತ್ತಾ ಹೋಗುತ್ತದೆ ಅಂದುಕೊಳ್ಳಿ. ಎಳೆಯದರಲ್ಲಿ ಸೈನಸ್ ಚಿಕ್ಕದಾಗಿ ಕಾಣುವುದಕ್ಕೆ ತಲೆ ಚಿಕ್ಕದು ಅನ್ನುವುದೊಂದೇ ಕಾರಣ ಅಲ್ಲ, ಜಾಗವನ್ನು ಹಲ್ಲು ಹಿಡಿದಿದೆ.

ಎಕ್ಸ್‌ರೇಯಲ್ಲಿ ಇದೆಲ್ಲ ಕಾಣಲ್ವಾ ಅಂತ ಕೇಳಬಹುದು. ಕಾಣುತ್ತದೆ, ಆದರೆ ಎಡಪಕ್ಕದ್ದೂ ಬಲಪಕ್ಕದ್ದೂ ಒಂದರ ಮೇಲೊಂದು ಬಿದ್ದು. ಸೈನಸ್‌ನಲ್ಲಿ ನೀರು ನಿಂತಿದ್ದರೆ ಅಡ್ಡಗೆರೆ ಚೆನ್ನಾಗಿ ಗೊತ್ತಾಗುತ್ತದೆ, ಅಷ್ಟಕ್ಕೆ ಎಕ್ಸ್‌ರೇ ಸಾಕು. ಆ ನೀರು ಯಾವ ಹಲ್ಲಿನ ಬುಡದಿಂದ ಬಂತು ಅನ್ನುವುದಕ್ಕೆ ಸಿಟಿ ಬೇಕು, ಅಂದರೆ ತಲೆಯನ್ನು ಪದರ ಪದರವಾಗಿ ತೋರಿಸುವ ಎಕ್ಸ್‌ರೇ ಸ್ಕ್ಯಾನ್. ಮನುಷ್ಯರ ಮೇಲೆ ಮೊದಲ ಸಿಟಿ ಸ್ಕ್ಯಾನ್ ಆದದ್ದು 1971ರಲ್ಲಿ. ಅದನ್ನು ಕಟ್ಟಿದ ಹೌನ್ಸ್‌ಫೀಲ್ಡ್ ಹೆಸರಿನಲ್ಲೇ ಇವತ್ತಿಗೂ ಸಾಂದ್ರತೆ ಅಳೆಯುತ್ತೇವೆ: ನೀರು 0, ಗಾಳಿ ಮೈನಸ್ 1000, ಮೂಳೆ ನೂರಾರರಿಂದ ಮೇಲಕ್ಕೆ, ಹಲ್ಲಿನ ಎನಾಮಲ್ ಎರಡು ಸಾವಿರವನ್ನೂ ದಾಟುತ್ತದೆ. ಗಾಳಿ, ಲೋಳೆ, ಮೂಳೆ, ಹಲ್ಲು ಒತ್ತೊತ್ತಾಗಿರುವ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಸಿಗುವುದಿಲ್ಲ.

ಸುಮಾರು 50 ಕಿಲೋ ತೂಗುವ ಹಸುಗೂಸು ಮರಿಯನ್ನು ಮನುಷ್ಯರ ಸ್ಕ್ಯಾನರ್ ಮೇಜಿನ ಮೇಲೇ ಮಲಗಿಸಬಹುದು. ದೊಡ್ಡದಕ್ಕೆ ಪೂರ್ತಿ ಅರಿವಳಿಕೆ ಕೊಡುವುದು ಹುಡುಗಾಟ ಅಲ್ಲ. ದೊಡ್ಡ ಸಮೀಕ್ಷೆಗಳ ಪ್ರಕಾರ, ಹೊಟ್ಟೆಶೂಲೆಯ ಕೇಸುಗಳನ್ನು ಬಿಟ್ಟರೂ, ನೂರಕ್ಕೆ ಸುಮಾರು ಒಂದು ಕುದುರೆ ಸಾಯುತ್ತದೆ. ಅದಕ್ಕೇ ಈಗ ಮಂಪರು ಮಾತ್ರ ಕೊಟ್ಟು, ನಿಂತ ಕುದುರೆಯ ತಲೆಯನ್ನು ಯಂತ್ರದೊಳಗೆ ಇಟ್ಟು ತೆಗೆಯುವುದು ಜಾಸ್ತಿಯಾಗಿದೆ. ಕುದುರೆ ಒಂದು ಸಲ ತಲೆ ಆಡಿಸಿದರೆ ಚಿತ್ರ ಕಲಸಿಹೋಗುತ್ತದೆ, ಮತ್ತೆ ತೆಗೆಯಬೇಕು. ಇರಲಿ, ನಷ್ಟ ಅಷ್ಟೇ ತಾನೇ.

ಈಗ ಪರದೆ ನೋಡಿ. ಒಂದು ವರ್ಷದ ಕುದುರೆ. ಮೂಗಿನ ಕಡೆಯಿಂದ ಹಿಂದಕ್ಕೆ ಒಂದೊಂದೇ ಪದರ ಸರಿಸುತ್ತೇನೆ. ಮೊದಲು ಬರುವುದು ಹಾಲು ಹಲ್ಲು, ಅದರ ಮೇಲೆ ಮೂಳೆಯೊಳಗೆ ತಯಾರಾಗುತ್ತಿರುವ ಶಾಶ್ವತ ಹಲ್ಲಿನ ಮೊಗ್ಗು. ಇನ್ನೂ ಹಿಂದಕ್ಕೆ. ಇದೋ, ಈ ಉದ್ದನೆಯ ಬಿಳಿ ಕಂಬ ಈಗಷ್ಟೇ ಬಾಯಿಗೆ ಬಂದಿರುವ ಮೊದಲ ದೊಡ್ಡ ದವಡೆ ಹಲ್ಲು. ಒಳಗೆ ಎನಾಮಲ್ ಮಡಿಕೆ ಮಡಿಕೆಯಾಗಿ ಹೊಳೆಯುತ್ತಿದೆ. ಇದರ ತಲೆಯ ಮೇಲೆ ಅಂಟಿಕೊಂಡಂತಿರುವ ಸಣ್ಣ ಉಂಗುರ ಕಂಡಿತಾ? ಅದು ಮುಖದ ಸ್ಪರ್ಶ ತಿಳಿಸುವ ನರ ಹಾದುಹೋಗುವ ಮೂಳೆಯ ಕೊಳವೆ. ವಯಸ್ಸಾದ ಕುದುರೆಯಲ್ಲಿ ಈ ಕೊಳವೆಗೂ ಹಲ್ಲಿಗೂ ನಡುವೆ ಗಾಳಿ ಇರುತ್ತದೆ. ಇಲ್ಲಿ ಒಂದರ ಮೇಲೊಂದು ಕೂತಿವೆ. ಮುಂದಿನ ಸೈನಸ್ ಅಂತ ಉಳಿದಿರುವುದು ಪಕ್ಕದಲ್ಲಿರುವ ಈ ಕಪ್ಪು ಸಂದಿ ಮಾತ್ರ. ಇನ್ನೂ ಹಿಂದೆ ಹೋದರೆ ಎರಡನೇ ದೊಡ್ಡ ದವಡೆ ಹಲ್ಲು ತನ್ನ ಚೀಲದೊಳಗೇ ಇದೆ. ಅದು ಬಾಯಿಗೆ ಬರುವುದು 2 ವರ್ಷಕ್ಕೆ, ಅದರ ಹಿಂದಿನದು ಮೂರೂವರೆ–ನಾಲ್ಕಕ್ಕೆ.

ಈ ಚೀಲವೇ ಜನರನ್ನು ಹೆದರಿಸುವುದು. ಮೊಗ್ಗಿನ ಸುತ್ತ ಬೂದು ಬಣ್ಣದ ವರ್ತುಲ, ಮೇಲಿನ ಮೂಳೆ ತೆಳ್ಳಗೆ, ಹಲ್ಲಿನ ಬುಡ ಅಗಲವಾಗಿ ಬಾಯಿ ಬಿಟ್ಟಿದೆ. ಹತ್ತು ವರ್ಷದ ಕುದುರೆಯಲ್ಲಿ ಇದನ್ನು ಕಂಡರೆ ಬುಡಕ್ಕೆ ಸೋಂಕು ಅಂತ ಬರೆಯಬೇಕು. ಇಲ್ಲಿ ಇದು ಬೆಳವಣಿಗೆ. ಮೂರು ನಾಲ್ಕು ವರ್ಷದಲ್ಲಿ ದವಡೆಯ ಮೇಲೆ ಎರಡೂ ಪಕ್ಕ ಸಮನಾಗಿ ಗಂಟು ಏಳುವುದೂ ಸಾಮಾನ್ಯವಾಗಿ ಇದೇ ಲೆಕ್ಕ. ಎಡ ಬಲ ಹೋಲಿಸಿ ನೋಡಿ. ಒಂದೇ ಪಕ್ಕದಲ್ಲಿ ಬುಡ ಕರಗಿ, ಪಕ್ಕದ ಲೋಳೆಪೊರೆ ದಪ್ಪಗಾಗಿದ್ದರೆ ಮಾತ್ರ ಚಿಂತೆ. ಹಾಗಂತ ಎಳೆಯದಕ್ಕೆ ರೋಗವೇ ಬರಲ್ಲ ಅಂತಲ್ಲ. ಸೈನಸ್ ಸಿಸ್ಟ್, ಅಂದರೆ ದ್ರವ ತುಂಬಿದ ಗಡ್ಡೆ, ವರ್ಷದೊಳಗಿನ ಮರಿಯಲ್ಲೂ ಆಗುತ್ತದೆ, ಮುಖವನ್ನೇ ಸೊಟ್ಟ ಮಾಡುತ್ತದೆ.

ಇದೆಲ್ಲ ಪುಸ್ತಕದ ಬದನೆಕಾಯಿ ಅನ್ನುವವರಿಗೆ ಒಂದು ಮಾತು. ಕೀವು ತೊಳೆಯಲು ಕೆನ್ನೆಯ ಮೂಳೆಗೆ ತೂತು ಕೊರೆಯುತ್ತೇವಲ್ಲ, ಅದರ ಜಾಗ ಗುರುತಿಸುವ ಅಳತೆಗಳು ಹೆಚ್ಚಾಗಿ ಬೆಳೆದ ಕುದುರೆಯವು. ಅದೇ ಅಳತೆ ಇಟ್ಟು ಮೂರು ವರ್ಷದ್ದಕ್ಕೆ ಮುಂದಿನ ಸೈನಸ್ ಮೇಲೆ ಕೊರೆದರೆ ನೇರವಾಗಿ ಹಲ್ಲಿಗೇ ಬೀಳಬಹುದು. ಹಲ್ಲು ಸತ್ತರೆ ಹೊಸ ಸೋಂಕು ನಾವೇ ತಂದ ಹಾಗಾಯಿತು. ಅದಕ್ಕೇ ಎಳೆಯದರಲ್ಲಿ ಹಣೆಯ ಕಡೆಯಿಂದ ಇಳಿದು, ಒಳಗಿನ ತೆಳು ಮೂಳೆಯ ಗುಳ್ಳೆ ಒಡೆದು ಮುಂದಿನ ಕೋಣೆಗೆ ಹೋಗುವುದೇ ಸರಿ ಅನ್ನುವುದು ನನ್ನ ಮತ. ಸುತ್ತು ದಾರಿ, ನಿಜ.

ಸ್ಕ್ಯಾನ್‌ನಲ್ಲಿ ಸೈನಸ್‌ನ ಗಾತ್ರ ಅಳೆಯುವವರಿಗೆ ಒಂದು ಎಚ್ಚರಿಕೆ. ಸಾಫ್ಟ್‌ವೇರ್‌ಗೆ ಗಾಳಿಯನ್ನೆಲ್ಲ ಹೆಕ್ಕು ಅಂದರೆ ಅದು ಮೂಗಿನ ಗಾಳಿಯನ್ನೂ ಸೇರಿಸಿ ಹೆಕ್ಕುತ್ತದೆ. ಪದರ ದಪ್ಪವಾಗಿದ್ದರೆ ಕಾಗದದಷ್ಟು ತೆಳ್ಳಗಿನ ಮೂಳೆ ಗೋಡೆಗಳು ಮಾಯವಾಗಿ ಎರಡು ಕೋಣೆ ಒಂದಾಗಿ ಕಾಣುತ್ತವೆ. ಆದಷ್ಟು ತೆಳು ಪದರ ತೆಗೆಯಿರಿ, ಗಡಿಯನ್ನು ಕೈಯಿಂದ ತಿದ್ದಿ. ಬೇಜಾರಿನ ಕೆಲಸ, ಬೇರೆ ದಾರಿ ಇಲ್ಲ. ಘನ ಅಳತೆಯ ಪಕ್ಕದಲ್ಲಿ ವಯಸ್ಸನ್ನು ತಿಂಗಳಲ್ಲಿ ಬರೆಯಿರಿ, ಯಾವ ಹಲ್ಲು ಬಂದಿದೆ ಅನ್ನುವುದನ್ನೂ ಬರೆಯಿರಿ. ಸರಿ, ಈಗ ಎರಡೂವರೆ ವರ್ಷದ ಕುದುರೆಯ ಸ್ಕ್ಯಾನ್ ತೆರೆಯುತ್ತೇನೆ. ಪ್ರಶ್ನೆ ಇದ್ದರೆ ಮಧ್ಯದಲ್ಲೇ ಕೇಳಿ.