ಸ್ಪ್ರಿಂಗ್ ಬಿಚ್ಚುವ ಮೊದಲು ಗಾಳಿ ನೋಡಿ

ಖಾಲಿ ಹೆವಿ ಡ್ಯೂಟಿ ಪಿಕಪ್ ಟ್ರಕ್ಕಿನ ಹಿಂದಿನ ಸೀಟಿನಲ್ಲಿ ಒಂದು ಗಂಟೆ ಕುಳಿತು ಬಂದವರನ್ನು ನೋಡಿದ್ದೀರಾ? ಬಾಗಿಲು ತೆಗೆದು ಕೆಳಗಿಳಿದವರು ಮೊದಲು ಸೊಂಟ ಹಿಡಿದುಕೊಳ್ಳುತ್ತಾರೆ, ಆಮೇಲೆ ಮಾತು. ನನ್ನ ಅಮ್ಮ ಹಾಗೆಯೇ ಇಳಿದರು. ದಾರಿಯುದ್ದಕ್ಕೂ ಕಿಟಕಿಯ ಮೇಲಿನ ಹಿಡಿಕೆಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ಕುಳಿತಿದ್ದವರು ಒಂದೇ ಒಂದು ದೂರು ಹೇಳಲಿಲ್ಲ. ಇಳಿದ ಮೇಲೆ "ಇನ್ನೊಂದು ಸಲ ಇದರಲ್ಲಿ ಬೇಡಪ್ಪಾ" ಎಂದರು, ಅಷ್ಟೇ. ಆ ಮಾತು ಮನಸ್ಸಿಗೆ ನಾಟಿತು. ಅಂದಿನಿಂದ ಎಷ್ಟು ಭಾನುವಾರ ಈ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದ್ದೇನೋ ಲೆಕ್ಕವಿಲ್ಲ.

ಹಾಗೆ ಮಲಗಿ ಕಲಿತದ್ದರಲ್ಲಿ ಮುಖ್ಯವಾದುದು ಒಂದೇ. ಗಾಡಿ ಎತ್ತಿ ಹಾಕುತ್ತದೆ ಎಂದಾಗ ಎಲ್ಲರೂ ಮೊದಲು ಸ್ಪ್ರಿಂಗನ್ನು ದೂರುತ್ತಾರೆ, ಅದನ್ನು ಬದಲಿಸಲು ಹಣ ಸುರಿಯುತ್ತಾರೆ. ನನ್ನ ಪ್ರಕಾರ ಸ್ಪ್ರಿಂಗಿನ ಸರದಿ ಬರಬೇಕಾದದ್ದು ಎಲ್ಲಕ್ಕಿಂತ ಕೊನೆಗೆ. ಮೊದಲ ಸರದಿ ಟೈರಿನೊಳಗಿನ ಗಾಳಿಯದು. ಅದಕ್ಕೆ ಕೈಯಿಂದ ಒಂದು ಕಾಸೂ ಖರ್ಚಿಲ್ಲ.

ಈ ಗಾಡಿ ಹೀಗೇಕೆ ಕುಲುಕುತ್ತದೆ ಎಂಬುದನ್ನು ಮೊದಲು ನೋಡೋಣ. ಖಾಲಿ ಇರುವಾಗ ಹಿಂದಿನ ಸ್ಪ್ರಿಂಗ್‌ಗಳ ಮೇಲೆ 800 ಕಿಲೋ ಭಾರ ಕುಳಿತಿದೆ ಎನ್ನಿ. ಅದರ ಮೇಲೆ 1,000 ಕಿಲೋ ಸರಕು ಹೇರಿದರೆ 1,800 ಕಿಲೋ ಆಯಿತು. ಸ್ಪ್ರಿಂಗ್ ಅದೇ. ಆದರೆ ಭಾರ ಎರಡೂಕಾಲು ಪಟ್ಟು ಹೆಚ್ಚಿದಾಗ ಗಾಡಿ ಏರಿ ಇಳಿಯುವ ವೇಗ ಒಂದೂವರೆ ಪಟ್ಟು ತಗ್ಗುತ್ತದೆ, ಏಕೆಂದರೆ ಭಾರದ ವರ್ಗಮೂಲ ಎಷ್ಟು ಪಟ್ಟು ಹೆಚ್ಚುತ್ತದೋ ಅಷ್ಟು ಪಟ್ಟು ಅದು ತಗ್ಗುತ್ತದೆ. ಖಾಲಿ ಇದ್ದಾಗ ಸೆಕೆಂಡಿಗೆ 2.4 ಬಾರಿ ಕುಣಿಯುತ್ತಿದ್ದದ್ದು ಹೊರೆ ಹೊತ್ತಾಗ 1.6 ಬಾರಿಗೆ ಇಳಿಯುತ್ತದೆ. ಸಾಮಾನ್ಯ ಕಾರು ಸೆಕೆಂಡಿಗೆ ಒಂದರಿಂದ ಒಂದೂವರೆ ಬಾರಿ ತೂಗುತ್ತದೆ. ಅಂದರೆ ಹೊರೆ ಹೊತ್ತ ಪಿಕಪ್ ಕಾರಿನ ಹತ್ತಿರಕ್ಕೆ ಬರುತ್ತದೆ, ಖಾಲಿ ಪಿಕಪ್ ಕುದುರೆಯಂತೆ ಕುಪ್ಪಳಿಸುತ್ತದೆ. ಇದನ್ನು ತಯಾರಕರ ತಪ್ಪು ಎನ್ನಲಾಗದು. ಹೊರೆಗೆಂದೇ ಹುಟ್ಟಿದ ಗಾಡಿಯನ್ನು ನಾವು ಹೆಚ್ಚು ದಿನ ಖಾಲಿ ಓಡಿಸುತ್ತೇವೆ, ತೊಡಕು ಇರುವುದು ಅಲ್ಲಿ.

ಈಗ ಗಾಳಿಯ ವಿಷಯ. ಚಾಲಕನ ಬಾಗಿಲು ತೆರೆದರೆ ಬಾಗಿಲ ಪಕ್ಕದ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಮುಂದಿನ ಮತ್ತು ಹಿಂದಿನ ಟೈರಿಗೆ ಎಷ್ಟು ಗಾಳಿ ಎಂದು ಬರೆದಿರುತ್ತದೆ. ಈ ವರ್ಗದ ಗಾಡಿಗಳಲ್ಲಿ ಹಿಂದಿನ ಟೈರಿನ ಅಂಕಿ ಸಾಮಾನ್ಯವಾಗಿ ದೊಡ್ಡದು, ಕೆಲವು ಗಾಡಿಗಳಲ್ಲಿ 80 ಪಿಎಸ್‌ಐವರೆಗೂ ಇರುತ್ತದೆ. ಆ ಅಂಕಿ ಗಾಡಿ ಪೂರ್ತಿ ಹೊರೆ ಹೊತ್ತಾಗಿನದು. ಟೈರಿನ ಪಕ್ಕೆಯ ಮೇಲೆ ಎಲ್‌ಟಿ 275/70 ಆರ್ 18 ಎಂದೂ (ಹಗುರ ಟ್ರಕ್ಕಿನ ಟೈರು, 275 ಮಿಲಿಮೀಟರ್ ಅಗಲ, ಪಕ್ಕೆಯ ಎತ್ತರ ಆ ಅಗಲದ ಶೇಕಡ 70, ಚಕ್ರ 18 ಇಂಚು), 125 ಎಂಬ ಭಾರಸೂಚ್ಯಂಕವೂ ಇದ್ದರೆ, ಆ ಒಂದು ಟೈರು ಪೂರ್ತಿ ಗಾಳಿಯಲ್ಲಿ 1,650 ಕಿಲೋ ಹೊರಬಲ್ಲದು ಎಂದರ್ಥ. ಖಾಲಿ ಗಾಡಿಯಲ್ಲಿ ಹಿಂದಿನ ಒಂದು ಟೈರಿನ ಮೇಲೆ ಅದರ ಅರ್ಧದಷ್ಟು ಭಾರವೂ ಇರುವುದಿಲ್ಲ. ಅಷ್ಟಕ್ಕೆ 80 ಪಿಎಸ್‌ಐ ತುಂಬಿಸಿದರೆ ಟೈರು ಕಲ್ಲಿನಂತಾಗುತ್ತದೆ. ರಸ್ತೆಯ ಒಂದೊಂದು ಕಲ್ಲೂ ನೆಟ್ಟಗೆ ಬೆನ್ನುಮೂಳೆಗೆ ಬಂದು ಬಡಿಯುತ್ತದೆ.

ನಾನು ಮಾಡಿದ್ದು ಇಷ್ಟು. ಖಾಲಿ ಗಾಡಿಯನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್ ಎರಡರ ತೂಕವನ್ನೂ ಬೇರೆ ಬೇರೆ ಬರೆದುಕೊಂಡೆ. ಟೈರು ತಯಾರಕರು ಇಷ್ಟು ಭಾರಕ್ಕೆ ಇಷ್ಟು ಗಾಳಿ ಎಂಬ ಕೋಷ್ಟಕ ಪ್ರಕಟಿಸುತ್ತಾರೆ. ಅದರಲ್ಲಿ ನನ್ನ ತೂಕಕ್ಕೆ ಹೊಂದುವ ಅಂಕಿ ಹುಡುಕಿ, ಅದಕ್ಕಿಂತ ಸ್ವಲ್ಪ ಹೆಚ್ಚೇ ಇಟ್ಟುಕೊಂಡೆ. ಮುಂಜಾನೆ, ಗಾಡಿ ಒಂದು ಅಡಿಯೂ ಉರುಳುವ ಮೊದಲು, ಟೈರು ತಣ್ಣಗಿರುವಾಗ ಮಂಡಿಯೂರಿ ಕುಳಿತು ಮೀಟರ್ ಹಚ್ಚಿದೆ. ಗಾಳಿ ಸುಯ್ಯೆಂದು ಹೊರಗೆ ಹೋಗುತ್ತಿದ್ದಂತೆ ಪಕ್ಕೆ ಸ್ವಲ್ಪವೇ ಉಬ್ಬಿತು, ಕಣ್ಣಿಗೆ ಕಂಡೂ ಕಾಣದಷ್ಟು. ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಹೊರಟರೆ ಬೇರೆ ಗಾಡಿಯಲ್ಲಿ ಕುಳಿತಂತಿತ್ತು. ಡ್ಯಾಶ್‌ಬೋರ್ಡಿನ ಗಡಗಡ ಸದ್ದು ಎಷ್ಟೋ ತಗ್ಗಿತ್ತು. ನೀರಿನ ಬಾಟಲಿ ತನ್ನ ಗೂಡಿನಲ್ಲಿ ಸುಮ್ಮನೆ ಕುಳಿತಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಣ್ಣಂದಾಜಿನಲ್ಲಿ ಗಾಳಿ ಬಿಡಬೇಡಿ. ಕೋಷ್ಟಕದ ಅಂಕಿಗಿಂತ ಕೆಳಗೆ ಇಳಿಯಲೇಬೇಡಿ. ಗಾಳಿ ಕಡಿಮೆಯಾದ ಟೈರು ಉರುಳುವಾಗ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯೇರುತ್ತದೆ, ಬಿಸಿಯೇರಿದ ಟೈರು ವೇಗದಲ್ಲಿ ಸಿಡಿಯುತ್ತದೆ. ಸರಕು ಹೇರುವ ದಿನ, ಟ್ರೇಲರ್ ಎಳೆಯುವ ದಿನ, ಹೊರಡುವ ಮೊದಲೇ ಚೀಟಿಯ ಅಂಕಿಗೆ ಮರಳಿ ತುಂಬಿಸಲೇಬೇಕು. ಇದನ್ನು ಮರೆಯುವ ಸ್ವಭಾವದವರು ಗಾಳಿ ಇಳಿಸದಿರುವುದೇ ಒಳ್ಳೆಯದು. ಗಾಡಿಯ ಕೈಪಿಡಿಯನ್ನೂ ಓದಿ. ಕೆಲವು ಗಾಡಿಗಳಲ್ಲಿ ಹಗುರ ಹೊರೆಗೆ ಬೇರೆ ಅಂಕಿಯನ್ನೇ ಕೊಟ್ಟಿರುತ್ತಾರೆ, ಗಾಳಿ ಎಚ್ಚರಿಕೆಯ ದೀಪಕ್ಕೂ ಹಗುರ ಹೊರೆಯ ಮಿತಿ ಆರಿಸಿಕೊಳ್ಳಬಹುದು.

ಟೈರಿನ ಮಾತು ಬಂದಾಗ ಚಕ್ರವನ್ನೂ ನೋಡಬೇಕು. 275/70 ಆರ್ 18 ಟೈರಿನ ಪಕ್ಕೆಯ ಎತ್ತರ ಸುಮಾರು 193 ಮಿಲಿಮೀಟರ್, 275/65 ಆರ್ 20 ಟೈರಿನದು 179. ನೋಟಕ್ಕೆಂದು 20 ಇಂಚಿನ ಚಕ್ರ ಹಾಕಿಸಿಕೊಂಡವರು ಪ್ರತಿ ಟೈರಿನಲ್ಲೂ ಸುಮಾರು 14 ಮಿಲಿಮೀಟರ್ ಗಾಳಿಯ ಮೆತ್ತೆಯನ್ನು ಬಿಟ್ಟುಕೊಟ್ಟಂತೆ. ಗುಂಡಿಗೆ ಇಳಿದಾಗ ಆ 14 ಮಿಲಿಮೀಟರಿನ ಬೆಲೆ ಗೊತ್ತಾಗುತ್ತದೆ.

ಗಾಳಿ ಸರಿಹೋದ ಮೇಲೂ ನನ್ನ ಗಾಡಿಯಲ್ಲಿ ಸಣ್ಣ ಸಣ್ಣ ಏರುತಗ್ಗುಗಳ ಕುಟುಕಾಟ ಉಳಿದಿತ್ತು. ದೊಡ್ಡ ಗುಂಡಿಯನ್ನು ಗಾಡಿ ಹೇಗೋ ನುಂಗುತ್ತಿತ್ತು, ಬೆರಳುದ್ದದ ಬಿರುಕನ್ನು ಮಾತ್ರ ನುಂಗುತ್ತಿರಲಿಲ್ಲ. ಇದು ನನ್ನನ್ನು ಬಹಳ ದಿನ ಕಾಡಿತು. ಉತ್ತರ ಸಿಕ್ಕಿದ್ದು ಲೀಫ್ ಸ್ಪ್ರಿಂಗಿನ ಪಟ್ಟಿಗಳ ತುದಿಯಲ್ಲಿ. ಟಾರ್ಚ್ ಹಿಡಿದು ನೋಡಿದೆ. ಒಂದರ ಮೇಲೊಂದು ಕುಳಿತ ಪಟ್ಟಿಗಳ ನಡುವೆ ಕೆಂಪು ತುಕ್ಕಿನ ಹುಡಿ ತುಂಬಿತ್ತು. ತುದಿಗಳ ನಡುವೆ ಇರಬೇಕಾದ ಪ್ಲಾಸ್ಟಿಕ್ ಬಿಲ್ಲೆಗಳು ಸವೆದು ಎಂದೋ ಉದುರಿಹೋಗಿದ್ದವು. ಕಬ್ಬಿಣ ಕಬ್ಬಿಣವನ್ನೇ ಉಜ್ಜಿ ಬೆಳ್ಳಗೆ ಹೊಳೆಯುವ ಗೆರೆ ಮೂಡಿತ್ತು.

ಲೀಫ್ ಸ್ಪ್ರಿಂಗ್ ಬಾಗಬೇಕಾದರೆ ಪಟ್ಟಿಗಳು ಒಂದರ ಮೇಲೊಂದು ಜಾರಬೇಕು. ಅವುಗಳ ನಡುವೆ ತಿಕ್ಕಾಟ ಹೆಚ್ಚಾದರೆ ಸಣ್ಣ ಪೆಟ್ಟಿಗೆ ಅವು ಜಾರುವುದೇ ಇಲ್ಲ. ಆ ಗಳಿಗೆಯಲ್ಲಿ ಸ್ಪ್ರಿಂಗ್ ಇಡಿಯಾಗಿ ಒಂದು ಕಬ್ಬಿಣದ ತೊಲೆ ಇದ್ದಂತೆ, ರಸ್ತೆಗೂ ನಿಮಗೂ ನಡುವೆ ಟೈರು ಬಿಟ್ಟು ಇನ್ನೇನೂ ಇಲ್ಲ. ದೊಡ್ಡ ಗುಂಡಿಗೆ ಮೆತ್ತಗಿದ್ದು ಸಣ್ಣ ಬಿರುಕಿಗೆ ಗಡುಸಾಗುವ ಗುಟ್ಟು ಇದೇ. ಪಟ್ಟಿಗಳನ್ನು ಬಿಚ್ಚಿ, ತುಕ್ಕು ಉಜ್ಜಿ ತೆಗೆದು, ತುದಿಗಳಿಗೆ ಹೊಸ ಬಿಲ್ಲೆ ಕೂರಿಸಿದ ಮೇಲೆ ಆ ಕುಟುಕಾಟ ತಗ್ಗಿತು. ಪಟ್ಟಿ ಬಿಚ್ಚುವುದು ಅನುಭವವಿಲ್ಲದವರ ಕೆಲಸವಲ್ಲ. ನಡುವಿನ ಬೋಲ್ಟ್ ಕಳಚಿದ ತಕ್ಷಣ ಅವು ಚಿಮ್ಮುತ್ತವೆ, ಕ್ಲ್ಯಾಂಪ್ ಬಿಗಿದುಕೊಂಡೇ ಕೈ ಹಾಕಬೇಕು.

ಸ್ಪ್ರಿಂಗಿನ ತುದಿಯ ಕಣ್ಣಿನೊಳಗೆ ಕೂರುವ ರಬ್ಬರ್ ಬುಷ್‌ಗಳ ವಿಷಯದಲ್ಲಿ ಬಹಳ ಮಂದಿ ಅರಿಯದೇ ಮಾಡುವ ತಪ್ಪೊಂದಿದೆ. ಗಾಡಿಯನ್ನು ಎತ್ತಿ ನಿಲ್ಲಿಸಿ, ಚಕ್ರ ನೇತಾಡುತ್ತಿರುವಾಗಲೇ ಸ್ಪ್ರಿಂಗ್ ಕಣ್ಣಿನ ಬೋಲ್ಟ್‌ಗಳನ್ನು ಪೂರ್ತಿ ಬಿಗಿದುಬಿಡುತ್ತಾರೆ. ರಬ್ಬರ್ ಬುಷ್ ಆ ಕೋನದಲ್ಲೇ ಹಿಡಿದು ನಿಲ್ಲುತ್ತದೆ. ಗಾಡಿ ನೆಲಕ್ಕಿಳಿದ ಕೂಡಲೇ ಅದು ತಿರುಚಿಕೊಂಡು, ಹೆಚ್ಚುವರಿ ಸ್ಪ್ರಿಂಗಿನಂತೆ ಗಾಡಿಯನ್ನು ಮೇಲಕ್ಕೆ ತಳ್ಳುತ್ತಿರುತ್ತದೆ, ಬೇಗ ಹರಿದೂ ಹೋಗುತ್ತದೆ. ಚಕ್ರಗಳ ಮೇಲೆ ಗಾಡಿಯ ಭಾರ ಬಿದ್ದ ನಂತರವೇ ಕೊನೆಯ ಬಿಗಿತ ಕೊಡಬೇಕು.

ಶಾಕ್ ಅಬ್ಸಾರ್ಬರ್‌ಗೆ ಹಣ ಹಾಕುವುದನ್ನು ನಾನು ಒಪ್ಪುತ್ತೇನೆ, ಮನಸಾರೆ ಒಪ್ಪುತ್ತೇನೆ. ಸ್ಪ್ರಿಂಗ್ ಪೆಟ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ಕರಗಿಸುವುದು ಶಾಕ್. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ದೂಡುತ್ತದೆ, ಕುಲುಕಾಟ ಬಿಸಿಯಾಗಿ ಬದಲಾಗಿ ಗಾಳಿಗೆ ಸೇರುತ್ತದೆ. ಅಗ್ಗದ ಶಾಕ್ ಸತತ ಕುಲುಕಾಟದಲ್ಲಿ ಬಿಸಿಯಾಗಿ ಒಳಗಿನ ಎಣ್ಣೆ ನೊರೆಯೇಳುತ್ತದೆ, ಆಮೇಲೆ ಅದು ಹೆಸರಿಗೆ ಮಾತ್ರ ಶಾಕ್. ಒತ್ತಡದ ಅನಿಲವನ್ನು ಎಣ್ಣೆಯಿಂದ ಬೇರ್ಪಡಿಸಿ ಇಟ್ಟಿರುವ ಮೊನೊಟ್ಯೂಬ್ ಶಾಕ್ ಈ ಕಷ್ಟವನ್ನು ತಾಳಿಕೊಳ್ಳುತ್ತದೆ. ಆದರೆ ಗಟ್ಟಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಬೇಡ. ಖಾಲಿ ಓಡುವ ಗಾಡಿಗೆ ಭಾರೀ ಹೊರೆಗೆ ಹೊಂದಿಸಿದ ಶಾಕ್ ಹಾಕಿದರೆ ಬಿರುಕಿನ ಪೆಟ್ಟು ಇನ್ನಷ್ಟು ಹರಿತವಾಗುತ್ತದೆ. ನಿಮ್ಮ ಗಾಡಿ ಹೆಚ್ಚು ದಿನ ಎಷ್ಟು ಹೊರೆ ಹೊರುತ್ತದೆ ಎಂಬುದನ್ನು ನಿಜವಾಗಿ ಲೆಕ್ಕ ಹಾಕಿ, ಅದಕ್ಕೆ ಹೊಂದುವುದನ್ನು ಕೇಳಿ ತೆಗೆದುಕೊಳ್ಳಿ.

ಎಲ್ಲ ಗಾಡಿಗಳ ರಚನೆಯೂ ಒಂದೇ ಅಲ್ಲ. ರಾಮ್ 2500 ಗಾಡಿಗೆ 2014ರಿಂದೀಚೆಗೆ ಹಿಂಭಾಗದಲ್ಲಿ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್ ಇದೆ, ಪಟ್ಟಿಗಳ ತಿಕ್ಕಾಟದ ಮಾತೇ ಅದಕ್ಕೆ ಅನ್ವಯಿಸುವುದಿಲ್ಲ. ಷೆವರ್ಲೆ ಸಿಲ್ವರಾಡೊದ ಹೆವಿ ಡ್ಯೂಟಿ ಮಾದರಿಗಳಲ್ಲಿ ಮುಂದೆ ಟಾರ್ಶನ್ ಬಾರ್ ಇರುತ್ತದೆ, ಅಂದರೆ ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸಲಾಕೆ. ಇಲ್ಲೊಂದು ಚಾಳಿ ನನಗೆ ನಿಜಕ್ಕೂ ಸಂಕಟ ತರುತ್ತದೆ. ಗಾಡಿಯ ಮುಂಭಾಗ ಎತ್ತರಕ್ಕೆ ಕಾಣಲಿ ಎಂದು ಆ ಸಲಾಕೆಯನ್ನು ಬಿಗಿದು ತಿರುಗಿಸುತ್ತಾರೆ. ಸವಾರಿ ಗಡುಸಾದಾಗ "ಸ್ಪ್ರಿಂಗ್ ಗಟ್ಟಿಯಾಯಿತು" ಎನ್ನುತ್ತಾರೆ. ಸಲಾಕೆ ಅದೇ ಸಲಾಕೆ, ಅದರ ಗಡಸುತನ ಬದಲಾಗಿಲ್ಲ. ಬದಲಾಗಿರುವುದು ಚಕ್ರ ನಿಂತಿರುವ ಜಾಗ. ಚಕ್ರಕ್ಕೆ ಕೆಳಗಿಳಿಯಲು ಇದ್ದ ಅವಕಾಶವನ್ನು ಎತ್ತರವೇ ತಿಂದುಹಾಕಿದೆ. ಪ್ರತಿ ತಗ್ಗಿಗೂ ಚಕ್ರ ಹಿಡಿದಿರುವ ತೋಳು ಕೊನೆಯ ತಡೆಗೆ ಹೋಗಿ ಟಕ್ ಎಂದು ಬಡಿಯುತ್ತದೆ. ಎತ್ತರವನ್ನು ಮೊದಲಿದ್ದಲ್ಲಿಗೆ ಇಳಿಸಿದರೆ ಆ ಬಡಿತ ನಿಲ್ಲುತ್ತದೆ. ಇಳಿಸಿ ಎಂದು ನಾನು ಬೇಡಿಕೊಳ್ಳುತ್ತೇನೆ.

ಲೀಫ್ ಸ್ಪ್ರಿಂಗಿನಿಂದ ಒಂದು ಪಟ್ಟಿಯನ್ನೇ ತೆಗೆದುಬಿಡುವವರೂ ಇದ್ದಾರೆ. ಸವಾರಿ ಮೆತ್ತಗಾಗುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಹೊರೆ ಹೊರುವ ಗಾಡಿಯ ಬೆನ್ನೆಲುಬಿನಿಂದ ಒಂದು ಮೂಳೆ ಕಿತ್ತಂತೆ ಅದು. ಮುಂದೊಂದು ದಿನ ಆ ಗಾಡಿ ಇನ್ನೊಬ್ಬರ ಕೈಗೆ ಹೋಗುತ್ತದೆ, ಅವರು ಚೀಟಿಯ ಅಂಕಿ ನಂಬಿ ಹೊರೆ ಹೇರುತ್ತಾರೆ. ಸ್ಪ್ರಿಂಗ್ ಬದಲಿಸಲೇಬೇಕೆಂದರೆ ತೆಳುವಾದ ಹೆಚ್ಚು ಪಟ್ಟಿಗಳಿರುವ, ನಿಮ್ಮ ಗಾಡಿಯ ಭಾರಕ್ಕೆಂದೇ ತಯಾರಾದ ಜೋಡಿ ಹಾಕಿಸಿ, ಹೊರೆಯ ದಿನಕ್ಕೆ ಏರ್ ಬ್ಯಾಗ್, ಅಂದರೆ ಸ್ಪ್ರಿಂಗಿಗೆ ಆಸರೆಯಾಗುವ ಗಾಳಿಚೀಲ, ಸೇರಿಸಿ. ಏರ್ ಬ್ಯಾಗ್ ಗಾಡಿಯನ್ನು ಮಟ್ಟಸವಾಗಿ ನಿಲ್ಲಿಸುತ್ತದೆ, ಅದರ ಹೊರೆಯ ಮಿತಿಯನ್ನು ಹೆಚ್ಚಿಸುವುದಿಲ್ಲ. ಖಾಲಿ ಇದ್ದಾಗ ಅದರಲ್ಲಿ ತಯಾರಕರು ಹೇಳಿದ ಕನಿಷ್ಠ ಗಾಳಿ ಮಾತ್ರ ಇರಲಿ.

ಖಾಲಿ ಗಾಡಿಗೆ ಭಾರ ಬರಲೆಂದು ಹಿಂದೆ ಮರಳು ಚೀಲ ಹಾಕಿಕೊಳ್ಳುವುದೂ ಕೆಲಸ ಮಾಡುತ್ತದೆ. ಹಿಂದಿನ ಆಕ್ಸಲಿನ ನೇರ ಮೇಲೆ ಇಟ್ಟು, ಬಿಗಿಯಾಗಿ ಕಟ್ಟಿದರೆ ಮಾತ್ರ. ಕಟ್ಟದ ಚೀಲ ಹಠಾತ್ ಬ್ರೇಕಿನಲ್ಲಿ ಕ್ಯಾಬಿನ್ ಕಡೆಗೆ ನುಗ್ಗುತ್ತದೆ.

ಇಷ್ಟೆಲ್ಲ ಮಾಡಿದರೂ ಸಿಮೆಂಟ್ ರಸ್ತೆಯಲ್ಲಿ ಒಂದು ನಡುಕ ಉಳಿಯಬಹುದು. ಸಿಮೆಂಟ್ ಹಲಗೆಗಳ ನಡುವಿನ ಸಂದು ನಾಲ್ಕೂವರೆ ಮೀಟರಿಗೊಂದು ಇದ್ದರೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಆರು ಪೆಟ್ಟು ಬೀಳುತ್ತವೆ. ಉದ್ದನೆಯ ಚಾಸಿಸ್ ಬಿಲ್ಲಿನಂತೆ ಬಾಗಿ ಅದುರುವುದೂ ಹೆಚ್ಚುಕಡಿಮೆ ಇದೇ ಲಯದಲ್ಲಿ. ಕುಳಿತ ಮನುಷ್ಯನ ದೇಹಕ್ಕೆ ಅತ್ಯಂತ ಹಿಂಸೆಯಾಗುವುದು ಸೆಕೆಂಡಿಗೆ 4ರಿಂದ 8 ಬಾರಿಯ ಮೇಲೆಕೆಳಗಿನ ಕಂಪನದಿಂದ. ಮೂರೂ ಒಂದೆಡೆ ಸೇರಿದಾಗ ಹೊಟ್ಟೆಯೊಳಗೇ ಯಾರೋ ಡೋಲು ಬಾರಿಸಿದಂತಾಗುತ್ತದೆ. ಇದಕ್ಕೆ ಸ್ಪ್ರಿಂಗಿನಲ್ಲಿ ಮದ್ದಿಲ್ಲ. ನಾನು ವೇಗವನ್ನು ಹತ್ತು ಹದಿನೈದು ಕಿಲೋಮೀಟರ್ ಇಳಿಸುತ್ತೇನೆ, ಪೆಟ್ಟಿನ ಲಯ ಚಾಸಿಸ್ಸಿನ ಲಯದಿಂದ ಕಳಚಿಕೊಳ್ಳುತ್ತದೆ. ಕಳೆದ ಸಲ ಹಾಗೆ ವೇಗ ಇಳಿಸಿದಾಗ ಹಿಂದಿನ ಸೀಟಿನತ್ತ ಕನ್ನಡಿಯಲ್ಲಿ ನೋಡಿದೆ. ಅಮ್ಮನ ಕೈ ಹಿಡಿಕೆಯ ಮೇಲಿರಲಿಲ್ಲ, ಮಡಿಲಲ್ಲಿತ್ತು.