ವಿಂಡೋ ಒಳಗೊಂದು ಕಣ್ಣಿದೆ

ನಮಸ್ಕಾರ ಎಲ್ರಿಗೂ! ನಿಮ್ಮ ಪಕ್ಕದಲ್ಲಿರೋ ಕಿಟಕಿನ ಒಂದ್ಸಲ ನೋಡಿ. ಇಂಗ್ಲಿಷಲ್ಲಿ ಅದು ವಿಂಡೋ, ನೋಡೋಕೆ ಒಂದೇ ಪದ ಆದ್ರೆ ಒಳಗೆ ಎರಡಿವೆ. ವಿಂಡ್ ಅಂದ್ರೆ ಗಾಳಿ, ಸರಿ. ಕೊನೇಲಿರೋ ಆ 'ಓ' ಇದ್ಯಲ್ಲ, ಅದು ಕಣ್ಣು!

793ರಲ್ಲಿ ವೈಕಿಂಗರು, ಅಂದ್ರೆ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಕಡೆಯ ಕಡಲ ದಾಳಿಕೋರರು, ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠ ಲೂಟಿ ಮಾಡಿದ್ರು, ಆಮೇಲಾಮೇಲೆ ಬರೀ ದೋಚ್ಕೊಂಡು ಹೋಗೋದು ಬಿಟ್ಟು ಅಲ್ಲೇ ಜಮೀನು ಮಾಡ್ಕೊಂಡು, ಮದ್ವೆ ಮಾಡ್ಕೊಂಡು ಉಳ್ಕೊಂಡ್ರು, ಹಂಗಾಗಿ ಅವರ ಹಳೆ ನಾರ್ಸ್ ಭಾಷೆ ಇಂಗ್ಲಿಷ್ ಮನೆಯೊಳಗೇ ಬಂದ್ಬಿಡ್ತು. ಎಗ್, ನೈಫ್, ಸ್ಕೈ ಎಲ್ಲಾ ಅವರದ್ದೇ. ಅವರು ಕಿಟಕಿಗೆ ಹೇಳ್ತಿದ್ದಿದ್ದು 'ವಿಂಡೌಗ'. ವಿಂಡ್ ಗಾಳಿ, ಔಗ ಕಣ್ಣು.

ಯಾಕೆ ಕಣ್ಣು? ಅವರ ಉದ್ದುದ್ದ ಮನೆಗಳನ್ನ ನೆನೆಸ್ಕೊಳ್ಳಿ, ನಡುವೆ ಬೆಂಕಿ ಉರೀತಿದೆ, ಹೊರಗೆ ಕೊರೆಯೋ ಚಳಿ, ಗಾಜು ಅನ್ನೋದು ಸಾಮಾನ್ಯ ಜನರ ಕೈಗೆ ಸಿಗೋ ವಸ್ತುನೇ ಅಲ್ಲ. ಹೊಗೆ ಹೋಗೋಕೆ, ಬೆಳಕು ಬರೋಕೆ ಮೇಲೊಂದು ತೂತು, ಅದರಲ್ಲಿ ಗಾಳಿನೂ ನುಗ್ಗುತ್ತೆ. ಕತ್ತಲೆ ಮನೇಲಿ ಕೂತು ತಲೆ ಎತ್ತಿದ್ರೆ ಅದು ಕಣ್ಣಿನ ಥರಾನೇ ಕಾಣ್ಸಿರ್ಬೇಕು ಅಂತ ನಂಗನ್ಸುತ್ತೆ.

ಮಜಾ ಏನಂದ್ರೆ ಇಂಗ್ಲಿಷರ ಸ್ವಂತ ಹಳೇ ಪದಾನೂ ಕಣ್ಣಿಂದಾನೇ ಶುರು, ಅರ್ಥ 'ಕಣ್ಣಿನ ತೂತು'. ಆ ಪದ ಸತ್ತೋಯ್ತು. ಆದ್ರೆ ಅದರಲ್ಲಿದ್ದ ತೂತು ಮಾತ್ರ ನಾಸ್ಟ್ರಿಲ್‌ನಲ್ಲಿ ಇನ್ನೂ ಉಳ್ದಿದೆ, ನಾಸ್ಟ್ರಿಲ್ ಅಂದ್ರೆ ಅಕ್ಷರಶಃ ಮೂಗಿನ ತೂತು, ನಮ್ಮ ಹೊಳ್ಳೆ.

ಈಗ ನಮ್ಮ ಕಡೆ ಬನ್ನಿ. ಗವಾಕ್ಷಿ ಅಂತೀವಲ್ಲ, ಸಂಸ್ಕೃತದ ಗವಾಕ್ಷ, ಅದನ್ನ ಬಿಡಿಸಿದ್ರೆ ಗೋವಿನ ಕಣ್ಣು! ಅವರಿಗೆ ಗಾಳಿ ಕಣ್ಣು, ಇಲ್ಲಿ ಹಸು ಕಣ್ಣು, ಯಾರೂ ಯಾರನ್ನೂ ಕೇಳಿ ಇಟ್ಟಿದ್ದಲ್ಲ. ಕನ್ನಡದ ಬೆಳಕಿಂಡಿಗೆ ಕಣ್ಣಿನ ಗೊಡವೆ ಇಲ್ಲ, ಬೆಳಕು ಬರೋ ಕಿಂಡಿ ಅಷ್ಟೇ, ಉಡುಪಿಯ ಕನಕನ ಕಿಂಡಿಲಿರೋದೂ ಇದೇ ಕಿಂಡಿ. ಇನ್ನು ಮಂಗಳೂರಿನ ಕಡೆ ಕೊಂಕಣಿ, ತುಳು ಮಾತಾಡೋರು ಜನೆಲ್ ಅಂತಾರೆ, ಅದು ಪೋರ್ಚುಗೀಸರ 'ಜನೆಲಾ', ಮೂಲದಲ್ಲಿ ಪುಟ್ಟ ಬಾಗಿಲು ಅಂತ.

ವಾಪಸ್ ಇಂಗ್ಲೆಂಡಿಗೆ. 1066ರಲ್ಲಿ ಫ್ರಾನ್ಸ್ ಕಡೆಯಿಂದ ನಾರ್ಮನ್ನರು ದಾಳಿ ಮಾಡಿ ಬಂದ್ಮೇಲೆ ಫ್ರೆಂಚಿಂದ 'ಫೆನೆಸ್ಟರ್' ಅನ್ನೋ ಪದಾನೂ ಬಂತು, ಲ್ಯಾಟಿನ್ ಮೂಲದ್ದು, ಗತ್ತಿನ ಪದ. ಎರಡೂ ನೂರಾರು ವರ್ಷ ಜೊತೆಗೇ ಓಡಾಡಿದ್ವು, ಕೊನೆಗೆ ಗೆದ್ದಿದ್ದು ವಿಂಡೋ. ಅತ್ಲಾಗೆ ಸ್ವೀಡನ್ನಿನವರು ಏನ್ಮಾಡಿದ್ರು ಗೊತ್ತಾ, ಆ ಲ್ಯಾಟಿನ್ ಪದದಿಂದ ಬಂದ 'ಫೆನ್ಸ್ಟರ್' ಥರದ್ದನ್ನೇ ಇಟ್ಕೊಂಡ್ರು. ವೈಕಿಂಗರ ಮೊಮ್ಮಕ್ಕಳಲ್ಲೇ ಕೆಲವರು ಬಿಟ್ಟ ಪದಾನ ಲೂಟಿ ಆದೋರು ಇನ್ನೂ ಇಟ್ಕೊಂಡಿದ್ದಾರೆ ನೋಡಿ.

ಮುಂದಿನ ವಿಡಿಯೋ ಹಸ್ಬೆಂಡ್ ಬಗ್ಗೆ, ಅದೂ ವೈಕಿಂಗರ ಜೋಡಿ ಪದಾನೇ, ಮನೇಲಿ ಇಬ್ರೂ ಕೂತ್ಕೊಂಡು ನೋಡಿ!