ಕಣ್ಣಿನೊಳಗಿನ ಕೊಬ್ಬು ಕಳಿಸುವ ಸಂದೇಶ

[ದೃಶ್ಯ: ಕತ್ತಲ ಪರದೆ. ಒಂದು ಕಣ್ಣು ನಿಧಾನವಾಗಿ ತೆರೆದುಕೊಳ್ಳುತ್ತದೆ.]

ನಮಸ್ಕಾರ. ನಿಮ್ಮ ಕಣ್ಣಿನ ಹಿಂಬದಿಯ ರೆಟಿನಾದಲ್ಲಿ ದಿನವೂ ಒಂದು ಕೆಲಸ ನಡೆಯುತ್ತದೆ. ಬೆಳಕನ್ನು ಗುರುತಿಸುವ ಕೋಟ್ಯಂತರ ಕೋಶಗಳು ತಮ್ಮ ತುದಿಯ ಒಂದಿಷ್ಟು ಭಾಗವನ್ನು ಕಳಚಿಕೊಳ್ಳುತ್ತವೆ. ಅವುಗಳಿಗೆ ಒತ್ತಿಕೊಂಡೇ ಇರುವ ಇನ್ನೊಂದು ಪದರದ ಕೋಶಗಳು ಆ ತುಂಡನ್ನು ನುಂಗಿ ಅರಗಿಸಿಕೊಳ್ಳುತ್ತವೆ. ಯಾವ ತುಂಡನ್ನು ನುಂಗಬೇಕು, ಯಾವಾಗ ನುಂಗಬೇಕು ಎಂದು ಅವುಗಳಿಗೆ ತಿಳಿಸುವವರು ಯಾರು? ಆ ಸುದ್ದಿ ಮುಟ್ಟಿಸುವುದು ಕೊಬ್ಬಿನ ಜಾತಿಯ ಒಂದು ಅಣು, ಅಂದರೆ ಲಿಪಿಡ್.

ಲಿಪಿಡ್ ಎಂದರೆ ಕೋಶದ ಗೋಡೆಗೆ ಬಳಸಿದ ಇಟ್ಟಿಗೆ ಎಂದಷ್ಟೇ ನಾನೂ ಬಹಳ ಕಾಲ ತಿಳಿದಿದ್ದೆ. ರೆಟಿನಾದ ಬಗ್ಗೆ ಓದಿದ ಮೇಲೆ ಆ ತಿಳಿವಳಿಕೆ ಬದಲಾಯಿತು.

[ದೃಶ್ಯ: ಒಂದು ರಾಡ್ ಕೋಶ, ಅದರೊಳಗೆ ನಾಣ್ಯಗಳಂತೆ ಪೇರಿಸಿದ ತಟ್ಟೆಗಳು.]

ಮಂದ ಬೆಳಕಿನಲ್ಲಿ ನಮಗೆ ನೋಟ ಕೊಡುವ ರಾಡ್ ಕೋಶವನ್ನು ನೋಡಿ. ಅದರ ಹೊರತುದಿಯಲ್ಲಿ ಸುಮಾರು 1000 ತಟ್ಟೆಗಳು ಒಂದರ ಮೇಲೊಂದು ಕೂತಿವೆ. ಪ್ರತಿ ತಟ್ಟೆಯೂ ಲಿಪಿಡ್ ಪೊರೆ. ಆ ಪೊರೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಡಿಎಚ್‌ಎ ಎಂಬ ಒಮೆಗಾ-3 ಆಮ್ಲ. ಇದರಲ್ಲಿ 22 ಇಂಗಾಲದ ಪರಮಾಣುಗಳು, 6 ದ್ವಿಬಂಧಗಳು ಇವೆ. ದ್ವಿಬಂಧ ಇರುವಲ್ಲೆಲ್ಲ ಸರಪಳಿ ಬಾಗುತ್ತದೆ. ಬಾಗಿದ ಸರಪಳಿಗಳು ಒತ್ತೊತ್ತಾಗಿ ಕೂರಲಾರವು. ಹಾಗಾಗಿ ಪೊರೆ ಸಡಿಲವಾಗಿ ಉಳಿಯುತ್ತದೆ, ಬೆಳಕು ಬಿದ್ದೊಡನೆ ಅದನ್ನು ಹಿಡಿಯುವ ರೊಡಾಪ್ಸಿನ್ ಎಂಬ ಪ್ರೋಟೀನು ಆಕಾರ ಬದಲಿಸಲು ಜಾಗ ಸಿಗುತ್ತದೆ.

ಆದರೆ ಅದೇ ದ್ವಿಬಂಧಗಳಿಗೆ ಆಮ್ಲಜನಕ ಬೇಗ ತಗುಲಿ ಅವು ಕೆಡುತ್ತವೆ. ರೆಟಿನಾದಲ್ಲಿ ಬೆಳಕಿಗೂ ಆಮ್ಲಜನಕಕ್ಕೂ ಬರವಿಲ್ಲ. ಆದ್ದರಿಂದ ಪೊರೆ ಹೊಸದಾಗುತ್ತಲೇ ಇರಬೇಕು. ವಿಜ್ಞಾನಿ ರಿಚರ್ಡ್ ಯಂಗ್ 1967ರಲ್ಲಿ ಪ್ರಾಣಿಗಳಿಗೆ ವಿಕಿರಣಶೀಲ ಅಮೈನೋ ಆಮ್ಲ ಕೊಟ್ಟು, ಅದರ ಜಾಡು ಹಿಡಿದು, ಹೊಸ ತಟ್ಟೆಗಳು ಬುಡದಲ್ಲಿ ಹುಟ್ಟಿ ತುದಿಯ ಕಡೆಗೆ ಸರಿಯುವುದನ್ನು ತೋರಿಸಿದರು. ದಿನಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಹೊಸದಾಗುತ್ತದೆ.

[ದೃಶ್ಯ: ಪೊರೆಯ ಹತ್ತಿರದ ನೋಟ. ಒಳಮೈಯಲ್ಲಿದ್ದ ಕೆಂಪು ಅಣುಗಳು ಹೊರಮೈಗೆ ಮಗುಚುತ್ತವೆ.]

ಈಗ ನನಗೆ ಅತ್ಯಂತ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಕೋಶಪೊರೆಗೆ ಒಳಮೈ, ಹೊರಮೈ ಎಂದು ಎರಡಿವೆ. ಫಾಸ್ಫಟಿಡೈಲ್‌ಸೆರಿನ್ ಎಂಬ ಲಿಪಿಡ್ ಸಾಮಾನ್ಯವಾಗಿ ಒಳಮೈಯಲ್ಲೇ ಇರುತ್ತದೆ. ಸಾಯುವ ಕೋಶದಲ್ಲಿ ಅದು ಹೊರಮೈಗೆ ಬರುತ್ತದೆ, ‘ನನ್ನನ್ನು ನುಂಗಿಬಿಡಿ’ ಎಂದು ಸುತ್ತಲಿನವರಿಗೆ ಹೇಳಿದಂತೆ. ರಾಡ್ ಕೋಶ ಸಾಯುತ್ತಿಲ್ಲ, ಪೂರ್ತಿ ಬದುಕಿದೆ. ಆದರೂ ತನ್ನ ತುದಿಯಲ್ಲಿ ಮಾತ್ರ ಸಾವಿನ ಈ ಗುರುತನ್ನು ತೋರಿಸುತ್ತದೆ. ಪ್ರಯೋಗಾಲಯದ ಇಲಿಗಳಲ್ಲಿ ಇದು ಬೆಳಕು ಹರಿಯುವ ಹೊತ್ತಿಗೆ ಹೆಚ್ಚಾಗುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಉಳಿದ ಮೈಯನ್ನು ಕಾಪಾಡಿಕೊಂಡು ಸವೆದ ತುದಿಯನ್ನಷ್ಟೇ ಒಪ್ಪಿಸುವ ಈ ಲೆಕ್ಕಾಚಾರ ನನ್ನನ್ನು ಪ್ರತಿಸಲವೂ ಬೆರಗುಗೊಳಿಸುತ್ತದೆ.

ಗುರುತು ಕಂಡ ಮೇಲೆ ನುಂಗುವ ಕೋಶದ ಗ್ರಾಹಕ ಪ್ರೋಟೀನುಗಳು ಎಚ್ಚರಗೊಳ್ಳುತ್ತವೆ. ನಡುವೆ ಸೇತುವೆಯಾಗುವ ಸಣ್ಣ ಪ್ರೋಟೀನುಗಳು ಒಂದು ಕೈಯಲ್ಲಿ ಲಿಪಿಡ್ಡನ್ನೂ ಇನ್ನೊಂದು ಕೈಯಲ್ಲಿ ಗ್ರಾಹಕವನ್ನೂ ಹಿಡಿಯುತ್ತವೆ. ಇಂಥ ಗ್ರಾಹಕಗಳಲ್ಲಿ ಒಂದು ಮರ್‌ಟಿಕೆ. ಅದರ ಜೀನ್ ಕೆಟ್ಟ ಇಲಿಗಳ ತಳಿಯಲ್ಲಿ ಕಳಚಿದ ತುಂಡುಗಳನ್ನು ನುಂಗುವ ಕೆಲಸ ನಡೆಯದೆ, ಅವು ರಾಶಿ ಬಿದ್ದು, ಕೊನೆಗೆ ಬೆಳಕಿನ ಕೋಶಗಳೇ ಸಾಯುತ್ತವೆ. ಮನುಷ್ಯರಲ್ಲೂ ಈ ಜೀನಿನ ದೋಷದಿಂದ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ, ನೋಟ ಕ್ರಮೇಣ ಕುಂದುವ ರೋಗ ಬರುತ್ತದೆ.

ನುಂಗಿದ ತುಂಡಿನಲ್ಲಿದ್ದ ಡಿಎಚ್‌ಎ ವ್ಯರ್ಥವಾಗುವುದಿಲ್ಲ. ಬಹುಪಾಲು ಬೆಳಕಿನ ಕೋಶಗಳಿಗೇ ಮರಳುತ್ತದೆ. ಒಂದು ಪಾಲಿಗೆ ಇನ್ನೊಂದು ದಾರಿಯೂ ಇದೆ. ನುಂಗುವ ಕೋಶಕ್ಕೆ ಆಕ್ಸಿಡೀಕರಣದ ಒತ್ತಡ, ಅಂದರೆ ಆಮ್ಲಜನಕದಿಂದಾಗುವ ಹಾನಿಯ ಒತ್ತಡ ಬಿದ್ದಾಗ ಒಂದು ಕಿಣ್ವ ಡಿಎಚ್‌ಎಯನ್ನು ಪೊರೆಯಿಂದ ಕತ್ತರಿಸುತ್ತದೆ, ಮತ್ತೊಂದು ಅದನ್ನು ನ್ಯೂರೋಪ್ರೊಟೆಕ್ಟಿನ್ ಡಿ1 ಎಂಬ ಅಣುವಾಗಿ ಮಾರ್ಪಡಿಸುತ್ತದೆ. ವಿಜ್ಞಾನಿ ನಿಕೋಲಸ್ ಬಸಾನ್ ಅವರ ತಂಡ 2004ರಲ್ಲಿ ವರದಿ ಮಾಡಿದಂತೆ, ಈ ಅಣು ಕೋಶವನ್ನು ಸಾವಿನ ಹಾದಿಯಿಂದ ಹಿಂದಕ್ಕೆ ಎಳೆಯುತ್ತದೆ. ಕೆಡುವ ಅಪಾಯ ಹೆಚ್ಚಿರುವ ಕೊಬ್ಬಿನಿಂದಲೇ ಕಾಪಾಡುವ ಸಂದೇಶವೂ ತಯಾರಾಗುತ್ತದೆ.

[ದೃಶ್ಯ: ಮೀನೆಣ್ಣೆಯ ಗುಳಿಗೆಗಳು.]

ಹಾಗಾದರೆ ಗುಳಿಗೆ ನುಂಗಿದರೆ ಸಾಕೇ? 4 ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದ ಎಆರ್‌ಇಡಿಎಸ್‌2 ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ಡಿಎಚ್‌ಎ ಇದ್ದ ಒಮೆಗಾ-3 ಗುಳಿಗೆಗಳು ವಯಸ್ಸಿನಿಂದ ಬರುವ ಮ್ಯಾಕ್ಯುಲಾದ (ರೆಟಿನಾದ ನಡುಭಾಗದ) ಸವೆತ ಮುಂದುವರಿಯುವುದನ್ನು ತಡೆಯಲಿಲ್ಲ. ಹೊಟ್ಟೆಗೆ ಹಾಕಿದ ಡಿಎಚ್‌ಎಗೂ, ಒತ್ತಡದ ಗಳಿಗೆಯಲ್ಲಿ ಪೊರೆಯಿಂದ ಕತ್ತರಿಸಿ ತೆಗೆದ ಡಿಎಚ್‌ಎಗೂ ನಡುವೆ ಬಹಳ ಮೆಟ್ಟಿಲುಗಳಿವೆ. ಈ ವಿಡಿಯೋ ನೋಡಿ ದಯವಿಟ್ಟು ಗುಳಿಗೆ ಕೊಳ್ಳಬೇಡಿ. ನೋಟದಲ್ಲಿ ಏನಾದರೂ ಬದಲಾವಣೆ ಕಂಡರೆ ಕಣ್ಣಿನ ವೈದ್ಯರಿಗೆ ತೋರಿಸಿ.